ಮಗ್ಗದ ಗುಂಡಿಯಲ್ಲಿ ಸಿಕ್ಕ ತಾಮ್ರ

ನನ್ನ ತಮ್ಮನನ್ನು ಕಳ್ಳ ಮಾಡಿದ್ದು ನನ್ನ ಸಹಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪೊಲೀಸರನ್ನು ಬೈಯುವುದು ಸಲೀಸು.

ಅವನು ಶಂಕಗಿರಿಯಲ್ಲಿ ಲಾರಿ ಓಡಿಸುತ್ತಿದ್ದ. ಒಂದು ಲೋಡಿನಲ್ಲಿ ತಾಮ್ರದ ತಂತಿ ಕಡಿಮೆ ಬಂತೆಂದು ಹಿಡಿದುಕೊಂಡು ಹೋದರು. ಮಾರನೆಯ ದಿನ ಸೇಲಂನ ನಮ್ಮ ಮನೆಗೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದ. ನಾನು ನೇಯುತ್ತಾ ಕೂತಿದ್ದೆ, ಕಾಲೆರಡೂ ಮಗ್ಗದ ಗುಂಡಿಯೊಳಗೆ. "ಅಡ್ರೆಸ್ಸುಕ್ಕು ಒರು ಕೈಯೆಳುತ್ತು ಪೋಡುಮ್ಮಾ" ಎಂದು, ವಿಳಾಸಕ್ಕೊಂದು ಸಹಿ ಸಾಕೆನ್ನುವಂತೆ, ಖಾಲಿ ಹಾಳೆ ಚಾಚಿದ. ನೇಕಾರರ ಸಂಘದ ಗುಮಾಸ್ತ ತರುವ ಫಾರಂಗಳೂ ಖಾಲಿಯೇ. ಎದ್ದರೆ ಕೈ ಓಟ ಕೆಡುತ್ತದೆಂದು ನಮ್ಮ ಬೀದಿಯ ಹೆಂಗಸರೆಲ್ಲ ಕೂತಲ್ಲೇ ಸಹಿ ಗೀಚುತ್ತೇವೆ. ಇದಕ್ಕೂ ಗೀಚಿಕೊಟ್ಟೆ.

ಕೋರ್ಟಿಗೆ ಹೋಗುವಷ್ಟರಲ್ಲಿ ಆ ಹಾಳೆ ತುಂಬಿತ್ತು. ನನ್ನ ಕಣ್ಣೆದುರೇ ಅದೇ ಗುಂಡಿಯಿಂದ ಮೂರು ಸುರುಳಿ ತಾಮ್ರ ಎತ್ತಿದರಂತೆ. ಅಲ್ಲಿ ನನ್ನ ಕಾಲಿಗೇ ಜಾಗ ಸಾಲದು! ನನ್ನನ್ನು ಯಾರೂ ಕರೆದು ಕೇಳಲಿಲ್ಲ. ತಮ್ಮನಿಗೆ ಎರಡು ವರ್ಷ ಶಿಕ್ಷೆಯಾಯಿತು.

ಅಪೀಲಿನಲ್ಲಿ ಹೊಸ ವಕೀಲರು ಹಠ ಹಿಡಿದು ನನ್ನನ್ನು ಸಾಕ್ಷಿಕಟ್ಟೆ ಹತ್ತಿಸಿದರು. ಹತ್ತನೇ ಕ್ಲಾಸು ಓದಿದವಳು ಖಾಲಿ ಹಾಳೆಗೆ ಸಹಿ ಹಾಕುತ್ತೀಯಾ ಎಂದು ಸರ್ಕಾರಿ ವಕೀಲ ನಗುತ್ತಾ ಕೇಳಿದ. ಹಾಕಿದೆ ಎಂದೆ. ಹಾಗಾದರೆ ನೀನು ದಡ್ಡಿಯೋ, ಸುಳ್ಳಿಯೋ? ದಡ್ಡಿ ಅಂತಲೇ ಬರೆದುಕೊಳ್ಳಿ, ತಮ್ಮನನ್ನು ಬಿಡಿ ಎಂದೆ. ಹೆಡ್ ಕಾನ್‌ಸ್ಟೇಬಲ್ ಹಿಂದಿನ ಬೆಂಚಿನಲ್ಲಿ ಮೊಬೈಲ್ ಒತ್ತುತ್ತಿದ್ದ. ಅವನ ಕೈ ಮುರಿಯಬೇಕೆನಿಸಿತು. ಈಗಲೂ ಅನಿಸುತ್ತದೆ.

ಶಿಕ್ಷೆ ರದ್ದಾಯಿತು. ಜಾಮೀನು ಸಿಗದೆ ತಮ್ಮ ಅಷ್ಟರಲ್ಲಿ ಒಂಬತ್ತು ತಿಂಗಳು ಜೈಲಿನಲ್ಲಿ ಕಳೆದಿದ್ದ. ಮನೆಗೆ ಬಂದವನು ಊಟಕ್ಕೂ ಕೂರದೆ ತೀರ್ಪಿನ ನಕಲನ್ನು ನನ್ನ ಮುಂದೆ ಹಿಡಿದ.

"ಅಕ್ಕಾ, ಪೊಲೀಸು ಸುಳ್ಳು ಯೋಳ್ದ ಅಂತ ಎಲ್ಲಿ ಬರ್ದೈತೆ, ಅದ ಓದು. ಓನರ್‌ಗೆ ತೋರ್ಸಿದ್ರೇನೇ ಓಡ್ಸಾಕೆ ವಂಡಿ ಕೊಡ್ತಾನಂತೆ."

ತಮಿಳಿನ ಹದಿನಾಲ್ಕು ಪುಟ ಹುಡುಕಿದೆ. ಸಂಶಯದ ಲಾಭ ಕೊಟ್ಟು ಬಿಟ್ಟಿದ್ದರು, ಅಷ್ಟೇ. ಯಾರಿಗೆ ಸಂಶಯ? ನನಗಂತೂ ಚೂರೂ ಇಲ್ಲ. ಹಾಳೆ ತುಂಬಿದವನ ಬಗ್ಗೆ ಒಂದು ಸಾಲೂ ಇರಲಿಲ್ಲ. ತಪ್ಪು ಎಂಬ ಮಾತು ಇಡೀ ತೀರ್ಪಿನಲ್ಲಿ ಒಂದೇ ಕಡೆ ಇತ್ತು.

"ಸಿಕ್ತಾ ಅಕ್ಕಾ?" ಎಂದ.

ಸಿಕ್ಕಿತು ಎಂದೆ. ಓದುಬರಹ ಬಲ್ಲ ಸಾಕ್ಷಿ ಓದದೆ ಸಹಿ ಹಾಕಿದ್ದು ತಪ್ಪು ಎಂಬ ಸಾಲನ್ನು ಅವನಿಗೆ ಜೋರಾಗಿಯೇ ಓದಿ ಹೇಳಿದೆ.