ಮಾವನ ಮೋಟರ್ ಸೈಕಲ್ಲಿನ ಪದ್ಯಗಳು

ಮಾವ ಮೋಟರ್ ಸೈಕಲ್ ಹತ್ತುವ ಮುಂಚೆ ತಲೆಗೆ ಸುತ್ತಿಕೊಳ್ಳುತ್ತಿದ್ದ ಬಿಳಿ ಟವಲ್ಲು ಬಲಗಿವಿಯನ್ನು ಪೂರ್ತಿ ಮುಚ್ಚುತ್ತಿತ್ತು. ಎಡಗಿವಿ ಮಾತ್ರ ಹೊರಗೆ. ಆ ಕಿವಿಯ ತುದಿ ಬಿಸಿಲಿಗೆ ಸುಟ್ಟು ಕಪ್ಪಾಗಿ, ಹುಣಸೆಕಾಯಿಯ ಸಿಪ್ಪೆಯ ಹಾಗೆ ಒಣಗಿರುತ್ತಿತ್ತು. ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಳ್ಳಿ ಎನ್ನುವಷ್ಟು ಸಲಿಗೆ ನನಗಿರಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಕಿವಿಯನ್ನು ಮಾತ್ರ ಯಾಕೆ ಹೊರಗೆ ಬಿಡುತ್ತಾರೆ ಎಂದು ಯೋಚಿಸುವಷ್ಟು ತಿಳಿವಳಿಕೆಯೂ ಇರಲಿಲ್ಲ.

ಎಂಬತ್ತರ ದಶಕದ ಮಾತು. ಹಿಂದೂಪುರದ ನಮ್ಮ ಮನೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು. ಮಾವ ವಯಸ್ಸಿನಲ್ಲಿದ್ದಾಗ ಗುಂಡಿಮಗ್ಗದಲ್ಲಿ ನೇಯುತ್ತಿದ್ದವರು, ಆಮೇಲೆ ಪವರ್‌ಲೂಮ್ ಹಾಕಿ ಅದರ ಪಕ್ಕದಲ್ಲೇ ಅರ್ಧ ಆಯುಸ್ಸು ಕಳೆದವರು. ನಾನು ಬರುವ ಹೊತ್ತಿಗೆ ಶೆಡ್ಡನ್ನು ನನ್ನ ಯಜಮಾನರು ನೋಡಿಕೊಳ್ಳುತ್ತಿದ್ದರು. ಅತ್ತೆ ತೀರಿಕೊಂಡಿದ್ದರು. ಬೆಳಿಗ್ಗೆ ಮಗ್ಗ ಶುರುವಾದರೆ ಅಡುಗೆಮನೆಯ ತಟ್ಟೆಗಳೂ ಅದರುತ್ತಿದ್ದವು. ಯಾರಾದರೂ ಮಾತಾಡಿದರೆ ಕೂಗಿ ಮಾತಾಡಬೇಕು, ಇಲ್ಲ ಸುಮ್ಮನಿರಬೇಕು. ನಮ್ಮ ಮನೆಯಲ್ಲಿ ಸುಮ್ಮನಿರುವುದೇ ಅಭ್ಯಾಸವಾಗಿತ್ತು. ಕರೆಂಟು ಹೋದಾಗ ಸದ್ದು ನಿಲ್ಲುತ್ತಿತ್ತು ನಿಜ, ಆದರೆ ಆಗಲೂ ಒಬ್ಬರಿಗೊಬ್ಬರು ಹೇಳುವುದು ಏನೂ ಉಳಿದಿರುತ್ತಿರಲಿಲ್ಲ.

ನನ್ನ ತವರು ಕಲ್ಯಾಣದುರ್ಗ. ಅಲ್ಲಿ ಅಮ್ಮ ಒಬ್ಬಳೇ, ರವಿಕೆ ಹೊಲಿದುಕೊಂಡು ಇದ್ದಳು. ನಾನು ಮದುವೆಗೆ ಮುಂಚೆ ಐಟಿಐಯಲ್ಲಿ ರೇಡಿಯೋ ರಿಪೇರಿ ಕಲಿತಿದ್ದೆ. ಆ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿತ್ತು. ಅದರ ವಿಷಯ ಹಿಂದೂಪುರದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನೇಯ್ದ ಸೀರೆಗಳನ್ನು ಊರೂರಿನ ಅಂಗಡಿಗಳಿಗೆ ಕೊಟ್ಟುಬರುವುದು ಮಾವನ ಕೆಲಸ. ಮೋಟರ್ ಸೈಕಲ್ಲಿನ ಹಿಂದೆ ತಗಡಿನ ಪೆಟ್ಟಿಗೆ ಕಟ್ಟಿಕೊಂಡು ಮಡಕಶಿರಾ, ಪಾವಗಡ, ಕಂಬದೂರು ಹಾದು ಕಲ್ಯಾಣದುರ್ಗದವರೆಗೆ ಹೋಗುತ್ತಿದ್ದರು. ಅಲ್ಲಿ ಅಮ್ಮನನ್ನು ಮಾತಾಡಿಸಿ, ಒಂದು ಲೋಟ ಮಜ್ಜಿಗೆ ಕುಡಿದು ವಾಪಸ್ಸು. ಬಂದವರು ಟವಲ್ಲು ಬಿಚ್ಚುತ್ತಾ, "ನಿಮ್ಮಮ್ಮ ಚೆನ್ನಾಗವ್ರೆ ಕಣಮ್ಮ. ನಿನ್ನ ಕೇಳುದ್ರು" ಎನ್ನುತ್ತಿದ್ದರು. ಪ್ರತಿ ಸಲವೂ ಅಷ್ಟೇ ಮಾತು. ಆ ಒಂದು ಮಾತಿಗಾಗಿ ನಾನು ಬಾಗಿಲಲ್ಲಿ ಕಾಯುತ್ತಿದ್ದೆ.

ದಾರಿಯುದ್ದಕ್ಕೂ ಅವರಿಗೆ ಪದ್ಯ ಬೇಕು. ಪೌರಾಣಿಕ ನಾಟಕಗಳಲ್ಲಿ ಹಾರ್ಮೋನಿಯಂ ಜೊತೆ ರಾಗ ಎಳೆದೆಳೆದು ಹಾಡುವ ತೆಲುಗು ಪದ್ಯಗಳು. ಚೀಲದಲ್ಲಿ ಹಾಕಿದ ಒಂದು ಸಣ್ಣ ಟೇಪ್ ರೆಕಾರ್ಡರು ಪೆಟ್ರೋಲ್ ಟ್ಯಾಂಕಿನ ಮೇಲೆ ತೂಗುತ್ತಿರುತ್ತಿತ್ತು. ಒಂದು ದಿನ ಅದು ಕ್ಯಾಸೆಟ್ಟಿನ ಟೇಪು ನುಂಗಿಬಿಟ್ಟಿತು. ಮಾವ ಅಂಗಳದಲ್ಲಿ ಕೂತು, ಗಂಟು ಬಿದ್ದ ನೂಲು ಬಿಡಿಸುವವರ ಹಾಗೆ ಟೇಪನ್ನು ಬೆರಳಲ್ಲಿ ಎಳೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಮಾವ, ಎಳೀಬ್ಯಾಡಿ. ಒಳಗೆ ರೋಲರ್ ಮ್ಯಾಲೆ ಕೊಳೆ ಕೂತೈತೆ" ಎಂದೆ.

ಅವರು ತಲೆಯೆತ್ತಿದರು. "ನಿಂಗೆ ಬತ್ತೈತಾ ಈ ಕೆಲ್ಸ?"

ನಾನು ಅದನ್ನು ಬಿಚ್ಚಿ, ಹತ್ತಿಯಲ್ಲಿ ಸ್ಪಿರಿಟ್ ಹಾಕಿ ಒರೆಸಿ, ಟೇಪು ಸರಿಮಾಡಿ ಕೊಟ್ಟೆ. ಪದ್ಯ ಶುರುವಾಯಿತು. ಮುಂದಿನ ಸಲ ಕಲ್ಯಾಣದುರ್ಗದಿಂದ ಬಂದಾಗ ಸೀರೆಯ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ನನ್ನ ಮುಂದೆ ಇಟ್ಟರು. ಬಿಚ್ಚಿದರೆ ನನ್ನ ಸೋಲ್ಡರಿಂಗ್ ಐರನ್ನು, ಮೀಟರು, ಸ್ಕ್ರೂಡ್ರೈವರುಗಳು. ತವರಿನ ಅಟ್ಟದ ಮೇಲೆ ಬಿಟ್ಟುಬಂದಿದ್ದವು.

"ನಿಮ್ಮಮ್ಮನ್ನ ಕೇಳಿ ಇಸ್ಕಂಡ್ ಬಂದೆ. ಮ್ಯಾಗ್ಳಿಂದ ನಾನೇ ಇಳುಸ್ದೆ" ಎಂದು ಹೇಳಿ ಕೈಕಾಲು ತೊಳೆಯಲು ಹೋದರು.

ಅವತ್ತಿನಿಂದ ಮಾವನ ಮೋಟರ್ ಸೈಕಲ್ಲು ನನ್ನ ಕೈಗೆ ಬಂತು. ಮೊದಲು ಅವರು ಹಳೆಯ ಕಾರಿನಿಂದ ಕಳಚಿದ ಒಂದು ಕ್ಯಾಸೆಟ್ ಸೆಟ್ಟು ತಂದುಕೊಟ್ಟರು. ಮೋಟರ್ ಸೈಕಲ್ಲಿನ ಬ್ಯಾಟರಿ ಆರು ವೋಲ್ಟಿನದು, ಕಾರಿನ ಸೆಟ್ಟಿಗೆ ಹನ್ನೆರಡು ಬೇಕು. ಅದಕ್ಕೆ ಬೇರೆಯೇ ಬ್ಯಾಟರಿಯನ್ನು ಪಕ್ಕದ ಡಬ್ಬಿಯಲ್ಲಿ ಕೂರಿಸಿದೆ. ರಸ್ತೆಯ ಕುಲುಕಾಟಕ್ಕೆ ಟೇಪು ಎಳೆದಾಡದಂತೆ ಸೆಟ್ಟಿನ ಕೆಳಗೆ ಹಳೆಯ ಟ್ಯೂಬಿನ ರಬ್ಬರ್ ಹಾಸಿದೆ. ಮೊಣಕಾಲಿನ ಹತ್ತಿರ ಆ ಕಡೆ ಒಂದು ಈ ಕಡೆ ಒಂದು ಸ್ಪೀಕರ್. ನನ್ನ ಯಜಮಾನರು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿ, "ಕಾರಿಗೆ ಹಾಕೋದ್ನ ಯಾರಾನ ಬೈಕಿಗೆ ಹಾಕ್ತಾರಾ?" ಎಂದು ಒಳಗೆ ಹೋದರು. ಬೀದಿಯವರು "ಪೆಳ್ಳಿ ಎಕ್ಕಡ ಪೆದ್ದಾಯನಾ?" ಎಂದು, ಮದುವೆ ಎಲ್ಲಿ ಎಂದು, ಛೇಡಿಸುತ್ತಿದ್ದರು. ಮಾವ ಸುಮ್ಮನೆ ನಗುತ್ತಿದ್ದರು. ಆದರೆ ಅಂಗಡಿ ಅಂಗಡಿಗಳಲ್ಲೂ "ನಮ್ ಸೊಸೆ ಮಾಡಿದ್ದು" ಎಂದು ಹೇಳಿಕೊಂಡು ಬಂದಿದ್ದರಂತೆ.

ಆದರೂ ಅವರಿಗೆ ತೃಪ್ತಿಯಾಗಲಿಲ್ಲ. ಪ್ರತಿ ಸಲ ಬಂದಾಗಲೂ ಸೌಂಡು ಸಾಲದು ಎಂಬ ಮಾತು. "ಗಾಳೀಲಿ ಕೇಳ್ಸಲ್ಲ ಕಣಮ್ಮ" ಎನ್ನುವರು. ಸ್ಪೀಕರ್ ಬದಲಾಯಿಸಿದೆ. ಒಂದು ಆಂಪ್ಲಿಫೈಯರ್ ಕಟ್ಟಿ ಸೇರಿಸಿದೆ. ಸ್ಪೀಕರಿನ ಮುಖವನ್ನು ಅವರ ಮುಖದ ಕಡೆಗೆ ತಿರುಗಿಸಿದೆ. ಅಂಗಳದಲ್ಲಿ ಹಾಕಿದರೆ ಮಗ್ಗದ ಸದ್ದನ್ನೂ ಮೀರಿ ಕೇಳುತ್ತಿತ್ತು. ಅವರು ಮಾತ್ರ ಬಂದು ಅದೇ ಮಾತು ಹೇಳುವರು. ನನಗೂ ಹಟ ಹುಟ್ಟಿತ್ತು. ಆ ಮನೆಯಲ್ಲಿ ನನ್ನನ್ನು ಒಂದು ಕೆಲಸ ಕೇಳುತ್ತಿದ್ದವರು ಅವರೊಬ್ಬರೇ.

ಕೊನೆಗೆ ಅವರೇ ಹೇಳಿದರು. "ಅಂಗಳದಾಗೆ ಒಂಥರ, ರೋಡ್ನಾಗೆ ಒಂಥರ. ನೀನೇ ಕೂತ್ಕಂಡು ಕೇಳು ಬಾ. ನಿಮ್ಮಮ್ಮನ್ನೂ ನೋಡ್ದಂಗಾಯ್ತದೆ."

ಹೀಗೆ ನಾನು ಅವರ ಹಿಂದೆ ಕೂತು ಕಲ್ಯಾಣದುರ್ಗಕ್ಕೆ ಹೊರಟೆ. ಇಬ್ಬರ ನಡುವೆ ಒಂದು ಸೀರೆಯ ಗಂಟು. ಮಡಕಶಿರಾ ದಾಟುವ ಹೊತ್ತಿಗೆ ನನ್ನ ತಲೆ ಸಿಡಿಯುತ್ತಿತ್ತು. ಸೌಂಡು ಕಡಿಮೆಯಿರಲಿಲ್ಲ, ತೀರಾ ಹೆಚ್ಚಿತ್ತು. ಎತ್ತರದ ಸಣ್ಣ ದನಿಗಳನ್ನು ಏರಿಸುವ ಟ್ರೆಬಲ್ ಗುಂಡಿಯನ್ನು ಅವರು ಪೂರ್ತಿ ತಿರುಗಿಸಿಟ್ಟಿದ್ದರು. ಹಾರ್ಮೋನಿಯಂ ಸೂಜಿಯ ಹಾಗೆ ಕಿವಿಗೆ ಚುಚ್ಚುತ್ತಿತ್ತು. ಪಾವಗಡ ಬಿಟ್ಟ ಮೇಲೆ ಹಿಂದಿನಿಂದ ಒಂದು ಬಸ್ಸು ಬಂತು. ಹಾರ್ನ್ ಹೊಡೆಯಿತು. ಮಾವ ಪಕ್ಕಕ್ಕೆ ಸರಿಯಲಿಲ್ಲ. ಮತ್ತೆ ಹೊಡೆಯಿತು. ಹಿಂತಿರುಗಿ ನೋಡಿದರೆ ಡ್ರೈವರಿನ ಮುಖ ಕಾಣುವಷ್ಟು ಹತ್ತಿರ. ಅದುವರೆಗೆ ನಾನು ಮಾವನನ್ನು ಮುಟ್ಟಿದವಳಲ್ಲ. ಎರಡೂ ಕೈಯಲ್ಲಿ ಅವರ ಹೆಗಲು ಹಿಡಿದು ಎಡಕ್ಕೆ ಎಳೆದೆ. ಮೋಟರ್ ಸೈಕಲ್ಲು ಮಣ್ಣಿಗಿಳಿದು ಓಲಾಡಿ ನಿಂತಿತು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

ಕಡಲೆಕಾಯಿ ಹೊಲದ ಬದುವಿನಲ್ಲಿ ಒಂದು ಹುಣಸೆಮರ. ಅದರ ಕೆಳಗೆ ಕೂತೆವು. ಸೆಟ್ಟು ಇನ್ನೂ ಹಾಡುತ್ತಲೇ ಇತ್ತು. ಮಾವ ಕೇಳಿದರು.

"ಹಾರ್ಮೋನಿ ಕೇಳ್ತೈತಾ ನಿಂಗೆ?"

"ಕೇಳ್ತೈತೆ ಮಾವ."

"ಪದ್ಯ ಮ್ಯಾಲಕ್ಕೆ ಎತ್ತಿದ್ಮ್ಯಾಲೂ?"

"ಕೊನೇಗಂಟ ಕೇಳ್ತೈತೆ."

ಅವರು ನೆಲದ ಮೇಲಿದ್ದ ಒಂದು ಹುಣಸೆಬೀಜವನ್ನು ಬೆರಳಲ್ಲಿ ಉರುಳಿಸುತ್ತಾ ಕೂತರು. "ನಂಗೆ ಅಲ್ಲೀಗ್ ಬಂದ್ ತಕ್ಷಣ ನಿಂತೋಯ್ತದೆ. ಹಾಡೋನ ಬಾಯಿಗೆ ಯಾರೋ ಕೈ ಅಡ್ಡ ಇಟ್ಟಂಗೆ. ಮಿಷನ್ದೇ ತಪ್ಪಿರ್ಲಿ ಅಂತ ಆಸೆ ಕಣಮ್ಮ. ಅದಕ್ಕೇ ನಿನ್ನ ಮತ್ ಮತ್ ಕೇಳ್ತಿದ್ದೆ." ನನ್ನ ಬಾಯನ್ನೇ ನೋಡುತ್ತಾ, "ನಿಜ ಹೇಳು. ಮಿಷನ್ನು ಸರಿಯಾಗೈತಾ?" ಎಂದರು.

ಇನ್ನೊಂದು ಸ್ಪೀಕರ್ ಹಾಕೋಣ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಸರಿಯಾಗೈತೆ ಮಾವ" ಎಂದೆ.

ಅವರು ತಲೆಯಾಡಿಸಿದರು. ಎದ್ದುಹೋಗಿ ಸೆಟ್ಟು ಆರಿಸಿದರು. ಕಲ್ಯಾಣದುರ್ಗದವರೆಗೆ ಅದನ್ನು ಮತ್ತೆ ಹಾಕಲಿಲ್ಲ.

ಅಮ್ಮನನ್ನು ನೋಡಿದರೆ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬಾಗಿಲಿನಿಂದ ಒಲೆಯವರೆಗೆ ನಡೆದರೆ ಗೋಡೆ ಹಿಡಿದು ಉಸಿರು ಎಳೆದುಕೊಳ್ಳಬೇಕು. "ಯಾವಾಗ್ಲಿಂದ ಹಿಂಗೆ?" ಎಂದರೆ ಅವಳಿಗೆ ಆಶ್ಚರ್ಯ. "ಅಣ್ಣನೋರು ಹೇಳ್ಲಿಲ್ವಾ? ಮಳೆಗಾಲ್ದಿಂದ್ಲೂ ಹೇಳಿ ಕಳುಸ್ತಾನೇ ಇದೀನಿ, ಒಂದ್ಸಲ ಬಂದು ಹೋಗಕ್ಕೇಳಿ ಅಂತ. ಆಗ್ಲಮ್ಮ, ಆಗ್ಲಮ್ಮ ಅಂತಿದ್ರು."

ಮಾವ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ನಮ್ಮಿಬ್ಬರ ಮುಖ ನೋಡಿ ಲೋಟ ಕೆಳಗಿಟ್ಟರು. ನನಗೆ ಸಿಟ್ಟು ಬಂದಿತ್ತು. ಅವರ ಎಡಗಿವಿಯ ಹತ್ತಿರ ಬಾಗಿ ಹೇಳಿದೆ, "ಅಮ್ಮಂಗೆ ಉಬ್ಬಸ. ತಿಂಗ್ಳುಗಟ್ಲೆಯಿಂದ ನಿಮ್ ಕೈಲಿ ಹೇಳಿ ಕಳುಸ್ತಿದ್ರಂತೆ."

ಅವರು ಅಮ್ಮನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನಗ್ತಾ ನಗ್ತಾ ಹೇಳ್ತಿದ್ರಲ್ಲಮ್ಮ" ಎಂದರು. "ಚೆನ್ನಾಗವ್ರೆ ಅಂದ್ಕಂಡೆ."

ನಿಜವೇ. ಬೀಗರ ಮುಂದೆ ತನ್ನ ಕಷ್ಟ ಹೇಳಿಕೊಳ್ಳುವಾಗ ಅಮ್ಮ ಸಂಕೋಚಕ್ಕೆ ನಗುವವಳು. ಅವರು ನಗುವನ್ನಷ್ಟೇ ಕಂಡು ಅದನ್ನೇ ನನಗೆ ತಂದು ಮುಟ್ಟಿಸಿದ್ದರು. ಯಾರ ಮೇಲೆ ಸಿಟ್ಟು ಮಾಡಲಿ?

ನಾನು ಕೆಲವು ದಿನ ಅಲ್ಲೇ ಉಳಿದು ಅಮ್ಮನನ್ನು ಆಸ್ಪತ್ರೆಗೆ ತೋರಿಸಿದೆ. ಸ್ವಲ್ಪ ಸುಧಾರಿಸಿತು. ಹಿಂದೂಪುರಕ್ಕೆ ಬಾ ಎಂದರೆ ಒಪ್ಪಲಿಲ್ಲ. ಆ ಮಗ್ಗದ ಸದ್ದಿನಲ್ಲಿ ತನಗೆ ಉಸಿರಾಡಲಾಗದು ಎಂದಳು. ನಾನು ವಾಪಸ್ಸು ಬಂದೆ. ಮೊದಲ ಕೆಲಸವಾಗಿ ಮೋಟರ್ ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡು ಕನ್ನಡಿ ಹಾಕಿದೆ. ಅಲ್ಲಿಯವರೆಗೆ ಒಂದೂ ಇರಲಿಲ್ಲ. "ಕನ್ನಡಿ ನೋಡ್ಕಂಡೇ ಓಡುಸ್ಬೇಕು ಮಾವ, ರೋಡ್ನಾಗೆ ಸೆಟ್ ಹಾಕಂಗಿಲ್ಲ. ಇಲ್ಲಾಂದ್ರೆ ನಿಮ್ ಮಗಂಗೆ ಹೇಳ್ತೀನಿ" ಎಂದೆ. ನಾನು ಅವರಿಗೆ ಹೇಳಿದ ಮೊದಲ ಜೋರು ಮಾತು ಅದು. ಅವರು ವಿಧೇಯ ಹುಡುಗನ ಹಾಗೆ ಹೂಂ ಎಂದರು.

ಮುಂದಿನ ಸಲ ಹೊರಡುವಾಗ ಮೂಲೆಗೆ ಸೇರಿದ್ದ ಹಳೆಯ ಟೇಪ್ ರೆಕಾರ್ಡರನ್ನು ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅದರಲ್ಲಿ ರೆಕಾರ್ಡ್ ಮಾಡುವ ಗುಂಡಿ ಇತ್ತು, ಕಾರಿನ ಸೆಟ್ಟಿನಲ್ಲಿ ಇರಲಿಲ್ಲ.

"ಇನ್ಮ್ಯಾಲೆ ನನ್ ಬಾಯಾಗೆ ಬ್ಯಾಡ. ನಿಮ್ಮಮ್ಮ ಇದ್ರಾಗೇ ಹೇಳ್ಲಿ" ಎಂದರು.

ಹೊಸ ಕ್ಯಾಸೆಟ್ಟು ತೆಗೆದುಕೊಳ್ಳಿ ಎಂದೆ. ಅವರು ಕೇಳಲಿಲ್ಲ. ತಮ್ಮ ಪದ್ಯದ ಕ್ಯಾಸೆಟ್ಟುಗಳ ಹಿಂಬದಿಯ ತೂತಿಗೆ ಕಾಗದ ಮಡಚಿ ತುರುಕಿದರು. ಹಾಗೆ ಮಾಡಿದರೆ ಅದರ ಮೇಲೆಯೇ ಬೇರೆ ದನಿ ತುಂಬಿಸಬಹುದೆಂದು ನಾನೇ ಯಾವತ್ತೋ ಹೇಳಿದ್ದೆ. "ನಂಗೆ ಹೆಂಗೂ ಅರ್ಧಂಬರ್ಧ. ನಿಂಗಾದ್ರೂ ಪೂರ್ತಿ ಕೇಳ್ಲಿ."

ಅಮ್ಮ ಅದರಲ್ಲಿ ಮೊದಮೊದಲು ಗಟ್ಟಿಯಾಗಿ, ಫೋನಿನಲ್ಲಿ ಮಾತಾಡುವವಳ ಹಾಗೆ "ಹಲೋ, ಹಲೋ" ಎನ್ನುತ್ತಿದ್ದಳು. ಬರಬರುತ್ತಾ ಪಕ್ಕದಲ್ಲಿ ಕೂತವಳ ಹಾಗೆ ಮಾತಾಡತೊಡಗಿದಳು. ಸಣ್ಣಪುಟ್ಟ ಮಾತುಗಳೇ ಎಲ್ಲ: ಯಾರ ರವಿಕೆ ಬಿಗಿಯಾಯಿತು, ಬೇಲಿಯ ಮೇಲೆ ಯಾವ ಬಳ್ಳಿ ಹಬ್ಬಿತು, ರಾತ್ರಿ ನಿದ್ದೆ ಬಂತೋ ಇಲ್ಲವೋ. ನಡುನಡುವೆ ಅವಳ ಉಸಿರಿನ ಸದ್ದು. ಮಾತು ಮುಗಿದು ಗುಂಡಿ ಟಕ್ಕೆಂದ ಕೂಡಲೇ ಹಳೆಯ ಪದ್ಯ ನಡುವಿನಿಂದ ಏರಿಬರುತ್ತಿತ್ತು. ಕರೆಂಟು ಹೋದ ಹೊತ್ತು ನೋಡಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನಾನು ಕೇಳುತ್ತಿದ್ದೆ. ಮಾವ ಅಂಗಳದ ಕಲ್ಲಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ತಾವು ಹೊತ್ತು ತಂದದ್ದು ಏನೆಂದು ಅವರಿಗೆ ತಿಳಿಯಲು ಅದೊಂದೇ ದಾರಿ. ನಾನು ನಕ್ಕರೆ ಎದ್ದುಹೋಗುವರು. ಇಲ್ಲದಿದ್ದರೆ ಹತ್ತಿರ ಬಂದು, "ನಾಳೇನೇ ಹೋಗಾನಾ?" ಎನ್ನುವರು.

ಒಂದು ಮಧ್ಯಾಹ್ನ ಅವರು ಬರಬೇಕಾದ ದಿನಕ್ಕೆ ಮುಂಚೆಯೇ ಬಂದರು. ಮೋಟರ್ ಸೈಕಲ್ಲು ನಿಲ್ಲಿಸಿ, ಟವಲ್ಲು ಬಿಚ್ಚದೆ ಒಳಗೆ ಬಂದರು. ಕೈಯಲ್ಲಿ ಚೀಲ ಇರಲಿಲ್ಲ. ಶೆಡ್ಡಿನೊಳಗೆ ಹೋಗಿ ತಾವೇ ಮೇನ್ ಆರಿಸಿದರು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆಮೇಲೆ ನನ್ನ ಮುಂದೆ ಬಂದು ನಿಂತರು.

"ನಿಮ್ಮಮ್ಮ ಹೋಗ್ಬುಟ್ರು ಕಣಮ್ಮ. ಇದ್ರಾಗೆ ನಾನು ತಪ್ ಕೇಳಿಲ್ಲ. ಕೈ ಮುಟ್ಟಿ ನೋಡ್ದೆ. ಹೊರಡು, ಕರ್ಕಂಡ್ ಹೋಯ್ತೀನಿ."

ಅಷ್ಟು ದೂರ ಒಬ್ಬರೇ ಬಂದವರು, ನೀರು ಕುಡಿದು ಮತ್ತೆ ಅಷ್ಟೂ ದೂರ ನನ್ನನ್ನು ಕರೆದುಕೊಂಡು ಹೋದರು. ಯಜಮಾನರು ಆಮೇಲಿನ ಬಸ್ಸಿಗೆ ಬಂದರು.

ಅದಾದ ಮೇಲೆ ಮಾವ ಹೆಚ್ಚು ಕಾಲ ಮೋಟರ್ ಸೈಕಲ್ಲು ಓಡಿಸಲಿಲ್ಲ. ಒಂದು ದಿನ ಕೀಲಿಯನ್ನು ಮಗನಿಗೆ ಕೊಟ್ಟು, ತಮ್ಮ ಕಿವಿಯ ವಿಷಯ ತಾವೇ ಹೇಳಿದರು. ನನ್ನನ್ನು ಕರೆದು ಸೆಟ್ಟು ಬಿಚ್ಚಿಬಿಡಲು ಹೇಳಿದರು. ಬಿಚ್ಚಿದ ಸಾಮಾನನ್ನೆಲ್ಲ ಬೀದಿಯ ಕಡೆಯ ಕೋಣೆಯಲ್ಲಿ ಜೋಡಿಸಿಟ್ಟವರೂ ಅವರೇ. "ಇಲ್ಲೇ ಅಂಗ್ಡಿ ಮಾಡು" ಎಂದರು. ಹೆಂಗಸು ಬೀದಿಬಾಗಿಲಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತರೆ ಜನ ಏನೆನ್ನುತ್ತಾರೆ ಎಂದು ಯಜಮಾನರು ಗೊಣಗಿದಾಗ ಮಾವನಿಗೆ ಮಾತು ಕೇಳಿಸದಿದ್ದರೂ ವಿಷಯ ತಿಳಿಯಿತು. "ನಾನೂ ಜೊತ್ಯಾಗೆ ಕೂತ್ಕಂತೀನಿ ಬುಡು" ಎಂದರು. ಕೂತರು. ವರ್ಷಗಟ್ಟಲೆ ಕೂತರು. ನಲವತ್ತು ಮೈಲಿ ದೂರದಿಂದ ಕೂಡ ಗಿರಾಕಿಗಳು ಬಂದರು, ಸೀರೆಯ ಅಂಗಡಿಗಳಲ್ಲಿ ನನ್ನ ವಿಷಯ ಕೇಳಿದ್ದವರು. ನಾನು ಇವತ್ತು ನನ್ನ ಸ್ವಂತ ಕೆಲಸದಿಂದ ಊಟ ಮಾಡುತ್ತಿದ್ದರೆ ಅದು ಅವರು ಕೊಟ್ಟ ಜಾಗದಿಂದ.

ಕೊನೆಕೊನೆಗೆ ಎಡಗಿವಿಯೂ ಪೂರ್ತಿ ಹೋಯಿತು. ಅಂಗಡಿಯ ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಿದ್ದವರು ಆಗಾಗ ನನ್ನ ಕಡೆ ತಿರುಗಿ ಕೇಳುವರು, "ಏನ್ ಕೇಳ್ತೈತಮ್ಮಾ?" ನಾನು ಕೆಲಸ ನಿಲ್ಲಿಸಿ, ತುಟಿ ದೊಡ್ಡದಾಗಿ ಆಡಿಸಿ ಹೇಳುತ್ತಿದ್ದೆ. ಯಾರದೋ ಮನೆಯಲ್ಲಿ ಒಗ್ಗರಣೆ. ಪಾತ್ರೆಗೆ ಕಲಾಯಿ ಹಾಕುವವನು ಕೂಗುತ್ತಿದ್ದಾನೆ. ರೈಲು ಬಂತು. ಅವರು ಕಣ್ಣು ಮುಚ್ಚಿ ಒಂದು ಗಳಿಗೆ ಕೂತು, ಆಯಿತು ಎಂಬಂತೆ ತಲೆಯಾಡಿಸುವರು.

ತೊಂಬತ್ತರ ದಶಕದ ಕೊನೆಯಲ್ಲಿ, ಬೇಸಿಗೆಯ ಒಂದು ಬೆಳಿಗ್ಗೆ, ಎಬ್ಬಿಸಲು ಹೋದಾಗ ಏಳಲಿಲ್ಲ. ಕಲ್ಯಾಣದುರ್ಗದ ಅಂಗಡಿಯವರೆಲ್ಲ ಬಂದಿದ್ದರು. ಹದಿಮೂರು ದಿನ ಮಗ್ಗ ನಿಂತಿತ್ತು. ಆ ಮನೆಗೆ ನಾನು ಅಷ್ಟು ಕಿವಿ ಕೊಟ್ಟದ್ದು ಅದೇ ಮೊದಲು. ತೆಂಗಿನ ಗರಿ ತಗಡಿನ ಮೇಲೆ ಉಜ್ಜುವುದು, ಬೀದಿಯ ಕೊಳಾಯಿಯಲ್ಲಿ ಗಾಳಿ ಬಂದು ಆಮೇಲೆ ನೀರು ಬರುವುದು, ಎಲ್ಲ ಬೇರೆ ಬೇರೆಯಾಗಿ ಕೇಳುತ್ತಿತ್ತು. ಒಂದೊಂದು ಸದ್ದಿಗೂ ಹೇಳಬೇಕಾದ ಮಾತು ಬಾಯಿಗೆ ಬರುತ್ತಿತ್ತು. ಕೇಳುವವರು ಇರಲಿಲ್ಲ.