ಏಲಕ್ಕಿ ಮನೆಯ ಹನ್ನೆರಡು ಲಂಗೋಟಿ

ಡ್ರೈಯರ್ ಅಂತ ಒಂದು ಮೆಷಿನ್ ಇರುತ್ತೆ ಅನ್ನೋದೇ ಗೊತ್ತಿಲ್ದಿದ್ದ ದಿನಗಳಲ್ಲಿ, ನಮ್ಮ ವನಗೂರು ಕಡೆ ಮಳೆಗಾಲಕ್ಕೆ ಒಣಗಿದ ಬಟ್ಟೆ ಅನ್ನೋದೇ ಇರ್ತಿರ್ಲಿಲ್ಲ ಕಣ್ರೀ. ಜಾಸ್ತಿ ಒದ್ದೆ, ಕಮ್ಮಿ ಒದ್ದೆ, ಎರಡೇ ಜಾತಿ. ಕಮ್ಮಿ ಒದ್ದೆ ಇರೋದನ್ನ ಹಾಕ್ಕೊಂಡು ಶಾಲೆಗೆ ಹೋಗ್ತಿದ್ವಿ. ಮೈ ಬಿಸಿಗೆ ಮೂರನೇ ಪೀರಿಯಡ್ ಹೊತ್ತಿಗೆ ಒಣಗ್ತಿತ್ತು, ಮನೆಗೆ ಬರೋವಾಗ ಮತ್ತೆ ನೆನೀತಿತ್ತು. ಇಡೀ ಕ್ಲಾಸಿಗೆ ಕ್ಲಾಸೇ ಹೊಗೆ ವಾಸನೆ, ಯಾಕಂದ್ರೆ ಎಲ್ಲರ ಮನೇಲೂ ಬಟ್ಟೆ ನೇತಾಡ್ತಿದ್ದಿದ್ದು ಒಲೆ ಮೇಲೆ ಕಟ್ಟಿದ ಹಗ್ಗದಲ್ಲಿ. ಎಲ್ಲರೂ ನಾರ್ತಿದ್ರಿಂದ ಯಾರೂ ನಾರ್ತಿರ್ಲಿಲ್ಲ.

ಹೋದ ವಾರ ಹಾಸನದ ಅಂಗಡೀಲಿ ಡ್ರೈಯರ್ ನೋಡ್ತಾ ನಿಂತಾಗ ಇದೆಲ್ಲ ತಲೆಗೆ ಬಂತು. ಸೇಲ್ಸ್ ಹುಡುಗಿ ಮೂರು ತೋರಿಸಿದ್ಲು. ಒಂದಕ್ಕೆ ಗೋಡೆ ಕೊರೆದು ಪೈಪ್ ಇಡ್ಬೇಕು, ಹಬೆ ಹೊರಗೆ ಹೋಗುತ್ತೆ. ಇನ್ನೊಂದು ಹಬೇನ ನೀರು ಮಾಡಿ ಡಬ್ಬೀಲಿ ಇಟ್ಕೊಳುತ್ತೆ. ಮೂರನೇದೂ ಹಂಗೇ, ಆದ್ರೆ ನಿಧಾನ, ಬಿಸಿ ಕಮ್ಮಿ, ಕರೆಂಟೂ ಕಮ್ಮಿ.

"ನಿಮ್ಮ ರಿಕ್ವೈರ್ಮೆಂಟ್ ಏನು ಮೇಡಂ?"

"ಲಂಗೋಟಿ."

ನಕ್ಕಳು. ನಾನು ಜೋಕ್ ಮಾಡಿರ್ಲಿಲ್ಲ. ಮನೇಲಿ ಬಾಣಂತಿ ಇದಾಳೆ, ಕೂಸಿಗೆ ಹದಿನೈದು ದಿನ, ಸಕಲೇಶಪುರದಲ್ಲಿ ಬಿಸಿಲು ಕಂಡು ಇಪ್ಪತ್ತು ದಿನ.

"ಇದ್ರಲ್ಲಿ ಒಳಗೆ ಬರೀ ಬಿಸಿಗಾಳಿ ಮೇಡಂ. ಹೊಗೆ ಇಲ್ಲ, ಬೆಂಕಿ ಇಲ್ಲ, ಬಟ್ಟೆಗೆ ಯಾವ ವಾಸನೆನೂ ಹಿಡಿಯಲ್ಲ" ಅಂತ ಅವಳು ಶುರು ಮಾಡಿದ್ಲು. ಅಯ್ಯೋ ತಾಯಿ, ಇದನ್ನ ನಮ್ಮಪ್ಪ ತೊಂಬತ್ತೈದು ತೊಂಬತ್ತಾರರಲ್ಲೇ ನಡೆಸ್ತಿದ್ದ ಕಣೆ, ಅಂತ ಬಾಯಿಗೆ ಬಂದಿತ್ತು. ಹೇಳ್ಲಿಲ್ಲ. ಇಲ್ಲಿ ಹೇಳ್ತೀನಿ.

ಅಪ್ಪ ಒಂದು ಎಸ್ಟೇಟಲ್ಲಿ ಸ್ಟೋರ್ ನೋಡ್ಕೊತಿದ್ದ. ಸ್ಟೋರ್ ರಾಜಣ್ಣ ಅಂತಲೇ ಕರೆಯೋರು. ಸ್ಟೋರ್ ಪಕ್ಕ ಏಲಕ್ಕಿ ಒಣಗಿಸೋ ಮನೆ. ದಪ್ಪ ಗೋಡೆ, ಚಿಕ್ಕ ಕಿಟಕಿ. ಒಲೆ ಬಾಯಿ ಹೊರಗಡೆ. ಅಲ್ಲಿ ಸೌದೆ ಹಾಕಿದ್ರೆ ಬಿಸಿ ಒಂದು ದೊಡ್ಡ ತಗಡಿನ ಪೈಪಲ್ಲಿ ಮನೆಯೊಳಗೆಲ್ಲ ಸುತ್ತು ಹೊಡೆದು, ಹೊಗೆ ಮಾತ್ರ ಹಿಂದಿನ ಚಿಮಣಿಯಿಂದ ಹೊರಗೆ ಹೋಗ್ತಿತ್ತು. ಪೈಪಿನ ಮೇಲೆ ತಂತಿ ಬಲೆಯ ತಟ್ಟೆಗಳು, ಸಾಲು ಸಾಲು, ಅದರ ತುಂಬ ಹಸಿ ಏಲಕ್ಕಿ. ಗೋಡೇಲಿ ಒಂದು ಥರ್ಮಾಮೀಟರ್ ನೇತಾಕಿತ್ತು. ಅಪ್ಪ ಅದರ ಕಡೆ ತಿರುಗೂ ನೋಡ್ತಿರ್ಲಿಲ್ಲ. ಅಂಗೈ ಮಗುಚಿ, ಕೈಯ ಹಿಂಭಾಗಾನ ತಟ್ಟೆ ಹತ್ರ ಹಿಡಿದು "ಒಂದು ಕೊರಡು ಎಳೀರಿ" ಇಲ್ಲ "ಕಿಟಕಿ ತೆಗೀರಿ" ಅನ್ನೋನು, ಅಷ್ಟೇ.

ಆ ಮನೆ ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಎಸ್ಟೇಟ್ ಸಾವ್ಕಾರ್ರ ಸ್ವಂತ ತಮ್ಮನಿಗೂ ಕೊಡ್ತಿರ್ಲಿಲ್ಲ. ಒಳಗೆ ಹೋಗೋರು ಕಾಲು ತೊಳೀಬೇಕು, ತಲೆಗೆ ಎಣ್ಣೆ ಹಚ್ಚಿರಬಾರ್ದು, ಬೀಡಿ ಸೇದಿರಬಾರ್ದು. ಏಲಕ್ಕಿ ಪಕ್ಕದಲ್ಲಿ ಏನಿದ್ರೂ ಅದರ ವಾಸನೆ ಕುಡ್ಕೊಂಡ್ಬಿಡುತ್ತೆ ಅನ್ನೋದು ಅಪ್ಪನ ಮಂತ್ರ. ನನಗೆ ಒಲೆ ಬಾಯಿ ತನಕ ಮಾತ್ರ ಪರ್ಮಿಷನ್. ಅಲ್ಲಿ ಕೂತು ಹಲಸಿನ ಬೀಜ ಸುಟ್ಕೊಂಡು ತಿಂತಿದ್ದೆ. ಆರನೇ ಕ್ಲಾಸು ಆಗ ನಾನು.

ಆ ವರ್ಷ ಶ್ರಾವಣದಲ್ಲಿ ಶಾರದತ್ತೆ, ಅಪ್ಪನ ತಂಗಿ, ಬಾಣಂತನಕ್ಕೆ ನಮ್ಮ ಕ್ವಾರ್ಟರ್ಸಿಗೆ ಬಂದ್ಲು. ಹೆಣ್ಣು ಮಗು, ಬೆಕ್ಕಿನ ಮರಿಯಷ್ಟಿತ್ತು. ಅತ್ತೆಯ ಮೊದಲನೇ ಮಗು ಹಿಂದಿನ ಮಳೆಗಾಲದಲ್ಲಿ ಎದೆ ಕಟ್ಟಿ ತೀರ್ಕೊಂಡಿತ್ತು. ಆ ಮಾತು ಮನೇಲಿ ಯಾರೂ ಎತ್ತುತ್ತಿರ್ಲಿಲ್ಲ. ಎತ್ತದೇ ಇರೋದ್ರಿಂದಲೇ ಎಲ್ಲರಿಗೂ ಅದೇ ತಲೇಲಿ ಕೂತಿತ್ತು.

ಲಂಗೋಟಿ ಇದ್ದಿದ್ದು ಹನ್ನೆರಡು. ಅಜ್ಜಿ ತನ್ನ ಹಳೇ ಸೀರೆ ಹರಿದು ಮಾಡಿದ್ಲು, ನಾಕು ಬಿಳಿ, ನಾಕು ಕೆಂಪು, ನಾಕು ಹಸಿರು. ಒಣಗಿಸೋಕೆ ಕೆಂಡದ ಮೇಲೆ ಬಿದಿರು ಕುಕ್ಕೆ ಬೋರಲು ಹಾಕಿ ಅದರ ಮೇಲೆ ಹರವೋದು. ಬಿಸಿಲಲ್ಲಿ ಒಣಗಿದ ಸೌದೆ ಆದ್ರೆ ಸರಿ, ನಮ್ಮದು ನೆನೆದ ಸೌದೆ. ಕೆಂಡಕ್ಕಿಂತ ಹೊಗೆ ಜಾಸ್ತಿ. ಮಗು ಗೊರ ಗೊರ ಅನ್ನೋಕೆ ಶುರು ಮಾಡ್ತು.

ಆಸ್ಪತ್ರೆಯ ಸಿಸ್ಟರ್ ಬಂದು ನೋಡಿ ಹೇಳಿದ್ರು, "ಎದೆ ಕಟ್ಟೈತೆ. ಹೊಗೆ ಬಟ್ಟೆ ಸುತ್ತಬೇಡಿ. ಒದ್ದೆ ಬಟ್ಟೇನೂ ಸುತ್ತಬೇಡಿ."

ಅಜ್ಜಿ ಕೇಳಿದ್ಲು, "ಹಂಗಾರೆ ಗಾಳಿ ಸುತ್ತಲಾ ತಾಯಿ?"

ಅವತ್ತು ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಾಗ ಅಜ್ಜಿ ರೊಟ್ಟಿ ಹಾಕ್ತಾ ವಿಷಯ ತೆಗೆದ್ಲು.

"ಲೋ ರಾಜ, ಆ ಏಲಕ್ಕಿ ಮನೇಲಿ ಒಂದು ಮೂಲೆ ಕೊಡೋ. ಲಂಗೋಟಿ ಒಣಗಿಸ್ಕತೀವಿ."

"ಅವ್ವ, ತಲೆ ನೆಟ್ಟಗೈತಾ ನಿಂಗೆ? ಉಚ್ಚೆ ಬಟ್ಟೆ ತಗಂಡೋಗಿ ಏಲಕ್ಕಿ ಪಕ್ಕ ಇಡದಾ?"

"ಒಗ್ದಿರೋ ಬಟ್ಟೆ ಕಣೋ."

"ಒಗ್ದಿದ್ರೂ ಉಚ್ಚೆ ಬಟ್ಟೆನೇ."

ಒಳಗಿನ ಕೋಣೆಯಿಂದ ಅತ್ತೆ ಕೂಗಿದ್ಲು, "ಅಣ್ಣಾ, ನೀನು ಹುಟ್ಟಿದಾಗಿಂದ ಉಚ್ಚೆನೇ ಹೊಯ್ದಿಲ್ವಾ?"

ಅಪ್ಪ ನಗ್ಲಿಲ್ಲ. "ಸಾವ್ಕಾರ್ರು ಆ ಕೀನ ನನ್ನ ಕೈಗೆ ಯಾಕೆ ಕೊಟ್ಟವ್ರೆ ಹೇಳು? ನಾನು ಕೇಳ್ದೋರಿಗೆಲ್ಲ ತೆಗೆಯಲ್ಲ ಅಂತ. ಇವತ್ತು ನಿಮಗೆ ತೆಗೆದ್ರೆ ನಾಳೆ ಕೂಲಿ ಲೈನ್‌ನೋರೆಲ್ಲ ಕಂಬಳಿ ಹೊತ್ಕೊಂಡು ಬತ್ತಾರೆ" ಅಂದು ಕೈ ತೊಳೆದ. ಊಟ ಆದ್ಮೇಲೆ ಅರ್ಧ ಗಂಟೆ ಒರಗೋದು ಅವನ ಅಭ್ಯಾಸ. ಸೊಂಟಕ್ಕೆ ಚುಚ್ಚುತ್ತೆ ಅಂತ ಕೀ ಬಿಚ್ಚಿ ದೇವರ ಫೋಟೋ ಪಕ್ಕದ ಮೊಳೆಗೆ ಹಾಕಿ ಮಲಗೋನು.

ಅಜ್ಜಿ ಆ ಮೊಳೆ ನೋಡಿದ್ಲು. ಆಮೇಲೆ ನನ್ನ ನೋಡಿದ್ಲು.

ಹಳ್ಳದ ನೀರು ಸೇತುವೆ ಮೇಲೆ ಬಂದು ಶಾಲೆಗೆ ರಜೆ ಕೊಟ್ಟಿದ್ರು. ದಿನಾ ಮಧ್ಯಾಹ್ನ ಗೊಬ್ಬರದ ಚೀಲದ ಕೊಪ್ಪೆ ತಲೆಗೆ ಹಾಕ್ಕೊಂಡು, ಅದರೊಳಗೆ ಲಂಗೋಟಿ ಬಚ್ಚಿಟ್ಕೊಂಡು ಓಡ್ತಿದ್ದೆ. ಕಾಲು ಮಾತ್ರ ತೊಳ್ಕೊತಿದ್ದೆ, ಅಪ್ಪನ ಮರ್ಯಾದೆಗೆ. ಬಾಗಿಲು ತೆಗೆದ ತಕ್ಷಣ ಮುಖಕ್ಕೆ ಬಡಿಯೋ ಆ ಬಿಸಿ ಇದೆಯಲ್ಲ, ಒಂದು ತಿಂಗಳಿಂದ ಮೈ ಒಣಗೇ ಇಲ್ಲದವಳಿಗೆ ಅದು ಏನು ಅಂತ ಬರೆಯೋಕೆ ಬರಲ್ಲ. ಪೈಪಿನ ಪಕ್ಕದ ತಂತಿಗೆ ನೇತಾಕಿದ್ರೆ ಇಪ್ಪತ್ತು ನಿಮಿಷಕ್ಕೆ ಹಪ್ಪಳ. ಒಣಗಿದ ಏಲಕ್ಕಿ ಚೀಲಗಳು ಬಿಸಿ ಆರಲಿ ಅಂತ ಬಾಯಿ ತೆರ್ಕೊಂಡು ಬಾಗಿಲ ಹತ್ರ ನಿಂತಿರ್ತಿದ್ವು. ಅದರ ಮೇಲಿಟ್ಟೇ ಮಡಚ್ತಿದ್ದೆ. ಅಪ್ಪ ಎದ್ರೆ ಅಜ್ಜಿ ಹಿಂದಿನ ಬಾಗಿಲಲ್ಲಿ ನಿಂತು "ಬಾ ಬಾ ಬಾ" ಅಂತ ಕೋಳಿ ಕರೀಬೇಕು, ಅದೇ ಸಿಗ್ನಲ್. ನಾನು ಓಡ್ಬಂದು ಕೀನ ಮೊಳೆಗೆ ಹಾಕೋದು, ಅಷ್ಟರಲ್ಲಿ ಅಪ್ಪ ಬಚ್ಚಲಲ್ಲಿ ಮುಖ ತೊಳೀತಿರೋನು.

ಒಂದಿನ ಅಪ್ಪ ಕೇಳೇಬಿಟ್ಟ, "ಅವ್ವ, ಈ ಮಳೇಲಿ ಕೋಳಿಯೆಲ್ಲ ಗೂಡಲ್ಲೇ ಅವಲ್ಲ, ಯಾರನ್ನ ಕರೀತಿದೀಯ?"

"ನಿನ್ನಪ್ಪನ್ನ" ಅಂದ್ಲು ಅಜ್ಜಿ. ತಾತ ಸತ್ತು ಆರು ವರ್ಷ ಆಗಿತ್ತು.

ಮೂರು ದಿನಕ್ಕೆ ಮಗು ಎದೆ ಸದ್ದು ಕಮ್ಮಿ ಆಯ್ತು, ವಾರಕ್ಕೆ ನಿಂತೇ ಹೋಯ್ತು. ಅತ್ತೆ ಲಂಗೋಟಿ ಮೂಸಿ ಮೂಸಿ "ಪಾಯ್ಸದ ವಾಸ್ನೆ ಬತ್ತೈತಲ್ಲೇ ಸುಮಿ" ಅನ್ನೋಳು. "ಬಾಯಿ ಮುಚ್ಕೊಂಡು ಸುತ್ತು" ಅಂತ ಅಜ್ಜಿ ಗದರೋಳು. ಸಂಜೆ ಅಪ್ಪ ಮಗೂನ ಎತ್ಕೊಂಡ್ರೆ ಮಾತ್ರ ನಾನು ಅವನ ಮೂಗನ್ನೇ ನೋಡ್ತಾ ನಿಲ್ತಿದ್ದೆ. "ಅವನಿಗೆ ಎಲ್ಲಿ ಗೊತ್ತಾಗ್ಬೇಕು, ದಿನವೆಲ್ಲ ಅದ್ರೊಳಗೇ ಇರೋನು" ಅನ್ನೋದು ಅಜ್ಜಿ ಧೈರ್ಯ.

ಹತ್ತನೇದೋ ಹನ್ನೊಂದನೇದೋ ದಿನ. ಮಡಚ್ತಾ ಇದ್ದೆ, "ಬಾ ಬಾ ಬಾ" ಕೇಳಿಸ್ತು. ಅಪ್ಪ ಅವತ್ತು ಬೇಗ ಎದ್ದಿದ್ದ. ಬಾಚ್ಕೊಂಡು ಓಡಿದೆ. ಮನೆ ಹಿಂದೆ ನಿಂತು ಎಣಿಸಿದ್ರೆ ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಹಸಿರು ಮೂರು.

"ಎಲ್ಲಾ ಬಂದ್ವಾ?" ಅಂದ್ಲು ಅಜ್ಜಿ.

"ಹ್ಞೂಂ" ಅಂದೆ.

ಯಾಕೆ ಹಂಗಂದೆ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನಾಳೆ ಹೋದಾಗ ತಂದ್ರಾಯ್ತು ಅಂದ್ಕೊಂಡಿರಬೇಕು. ಹಸಿರು ಏಲಕ್ಕಿ ಮೇಲೆ ಹಸಿರು ಬಟ್ಟೆ. ಅವತ್ತೇ ಸಂಜೆ ಅಪ್ಪ ಚೀಲಗಳಿಗೆ ಇನ್ನೊಂದೊಂದು ಮೊರ ಏಲಕ್ಕಿ ತುಂಬಿ ಬಾಯಿ ಹೊಲಿದ. ಮಾರನೇ ದಿನ ಬೆಳಿಗ್ಗೇನೇ ಜೀಪಿಗೆ ಏರಿಸಿ ಸಾವ್ಕಾರ್ರ ಮನೆಗೆ ಒಯ್ದ, ವ್ಯಾಪಾರಿ ಬಂದಿದಾರೆ ಅಂತ.

ಛತ್ರಿ ಮರೆತು ಹೋಗಿದ್ದ. ಕೊಟ್ಟು ಬಾ ಅಂತ ಅಮ್ಮ ನನ್ನ ಕಳಿಸಿದ್ಲು. ಹಂಗಾಗಿ ನಾನು ಕಣ್ಣಾರೆ ನೋಡಿದೆ. ಸಾವ್ಕಾರ್ರ ಜಗುಲೀಲಿ ವ್ಯಾಪಾರಿ ಒಂದು ಚೀಲದ ಹೊಲಿಗೆ ಬಿಚ್ಚಿದ. ಮೇಲೆ ಚೆನ್ನಾಗಿರೋದು ಹಾಕಿ ಕೆಳಗೆ ಮೋಸ ಮಾಡಿರ್ತಾರೆ ಅಂತ ಈ ವ್ಯಾಪಾರಿಗಳು ಮೊಳಕೈ ತನಕ ಕೈ ಬಿಟ್ಟೇ ನೋಡೋದು. ಬಿಟ್ಟ. ಎಳೆದ. ಕೈಯಲ್ಲಿ ಹಸಿರು ಲಂಗೋಟಿ, ದಾರ ಸಮೇತ.

"ಇದೇನು ಸಾವ್ಕಾರ್ರೆ, ಏಲಕ್ಕಿ ಜೊತೆಗೆ ಲಂಗೋಟಿ ಫ್ರೀನಾ?"

ಲೆಕ್ಕ ಬರೆಯೋ ರೈಟರ್ ಕಿಸಕ್ಕಂದ. ಸಾವ್ಕಾರ್ರು ನಗ್ಲಿಲ್ಲ. ಅಪ್ಪನ ಮುಖ ನೋಡಿದ್ರು. ಅಪ್ಪ ಬಟ್ಟೆ ನೋಡಿದ, ಆಮೇಲೆ ಮೆಟ್ಟಿಲ ಹತ್ರ ಛತ್ರಿ ಹಿಡ್ಕೊಂಡು ನಿಂತಿದ್ದ ನನ್ನ ನೋಡಿದ. ಒಂದು ಸಲ ಅಷ್ಟೇ.

"ನಾನೇ ಒಣಗಾಕಿದ್ದೆ. ಮನೇಲಿ ಕೂಸೈತೆ" ಅಂದ.

"ನೀನಾ ರಾಜಣ್ಣ?"

"ಹ್ಞೂಂ."

"ನೀನಾ?" ಅಂದ್ರು ಸಾವ್ಕಾರ್ರು ಮತ್ತೆ. ಬೈದಿದ್ರೆ ವಾಸಿ ಇತ್ತು.

ವ್ಯಾಪಾರಿ ಒಂದು ಹಿಡಿ ಏಲಕ್ಕಿ ಮೂಸಿದ, ಚೀಲದೊಳಗೆ ಮೂತಿ ಇಟ್ಟು ಮೂಸಿದ, ಕೊನೆಗೆ ಲಂಗೋಟೀನೇ ಮೂಸಿದ. "ಮಾಲಿಗೇನೂ ಆಗಿಲ್ಲ ಮಾರಾಯ್ರೆ, ಬಟ್ಟೇನೇ ಏಲಕ್ಕಿ ಆಗ್ಬುಟ್ಟೈತೆ" ಅಂತ ಅದನ್ನ ಅಪ್ಪನ ಕೈಗೆ ಕೊಟ್ಟು, ಎಲ್ಲಾ ಚೀಲಾನೂ ತಗೊಂಡ. ನಷ್ಟ ಏನೂ ಆಗ್ಲಿಲ್ಲ.

ಆದ್ರೂ ಸಾವ್ಕಾರ್ರು ಹೇಳಿದ್ರು, "ಕೀ ಇಲ್ಲಿಡು."

ಅಪ್ಪ ಶರ್ಟ್ ಎತ್ತಿ ಉಡಿದಾರದ ಗಂಟು ಬಿಚ್ಚೋಕೆ ಹೋದ. ಮಳೆಗೆ ನೆನೆದು ಗಂಟು ಬಿಗಿದಿತ್ತು. ಬಹಳ ಹೊತ್ತು ಹಿಡೀತು. ಎಲ್ಲರೂ ಕಾಯ್ತಾ ನಿಂತಿದ್ರು. ನಾನು ಮಾಡಿದ್ದು ಅಂತ ಒಂದು ಮಾತು ಹೇಳ್ಬೋದಿತ್ತು ನಾನು. ಹೇಳ್ಲಿಲ್ಲ.

ಮಾರನೇ ದಿನದಿಂದ ಅಪ್ಪನಿಗೆ ತೋಟದಲ್ಲಿ ಕಳೆ ತೆಗೆಸೋ ಕೆಲಸ. ದಿನವಿಡೀ ಮಳೇಲಿ. ಮನೇಲಿ ಯಾರಿಗೂ ಏನೂ ಅನ್ಲಿಲ್ಲ. "ಇನ್ಮೇಲೆ ಬಟ್ಟೆಗೆ ಬೇರೆ ದಾರಿ ನೋಡ್ಬೇಕು" ಅಂದ, ಅಷ್ಟೇ. ಆಮೇಲೆ ತಾನೇ ನೋಡಿದ. ಸಂಜೆ ಬಂದು ಮೈ ಒರೆಸ್ಕೊಂಡು ತೆಂಗಿನ ಕರಟ ಸೂರಿನಡಿ ಉರಿಸೋನು, ಹೊಗೆಯೆಲ್ಲ ಹೋಗಿ ಬರೀ ಕೆಂಡ ಉಳಿಯೋ ತನಕ ಕಾಯೋನು. ಅದನ್ನ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆಗೆ ತುಂಬಿ ಹನ್ನೆರಡೂ ಲಂಗೋಟಿ ಒಂದೊಂದಾಗಿ ಉಜ್ಜಿ ಒಣಗಿಸೋನು. ಪ್ರತಿ ಬಟ್ಟೆಗೂ ಮುಂಚೆ ಕೈಯ ಹಿಂಭಾಗಾನ ಪೆಟ್ಟಿಗೆ ಹತ್ರ ಹಿಡಿದು ನೋಡೋನು. ಅತ್ತೆ ಗಂಡನ ಮನೆಗೆ ಹೋಗೋ ತನಕ, ಒಂದಿನಾನೂ ತಪ್ಪಿಸ್ಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಕೀ ಇನ್ಯಾರದೋ ಸೊಂಟದಲ್ಲಿತ್ತು. ಜನ ಸ್ಟೋರ್ ರಾಜಣ್ಣ ಅನ್ನೋದನ್ನ ಬಿಟ್ಟು ಬರೀ ರಾಜಣ್ಣ ಅಂದ್ರು.

ಆ ಬೆಕ್ಕಿನ ಮರೀನೇ ರಂಜಿತಾ. ಈಗ ನಮ್ಮನೇಲಿ ಬಾಣಂತಿ. ಅತ್ತೆಗೆ ಮಂಡಿ ನೋವು, ಕೂತ್ರೆ ಏಳೋಕಾಗಲ್ಲ, ಅದಕ್ಕೆ ಈ ಬಾಣಂತನ ನನ್ನ ಪಾಲಿಗೆ ಬಂತು.

ಮೂರನೇ ಮೆಷಿನ್ನೇ ತಂದೆ, ಬಿಸಿ ಕಮ್ಮಿ ಇರೋದು. ನಿನ್ನೆ ಮೊದಲ ಸಲ ಹನ್ನೆರಡು ಲಂಗೋಟಿ ಹಾಕಿದಾಗ ಅಪ್ಪ ಕುರ್ಚಿ ಎಳ್ಕೊಂಡು ಅದರ ಮುಂದೆ ಕೂತ. ಎಪ್ಪತ್ತೈದು ದಾಟಿದೆ ಈಗ. ಕೈ ಮಗುಚಿ ಗಾಜಿನ ಬಾಗಿಲಿಗೆ ಹಿಡಿದ.

"ಹಬೆ ಎಲ್ಲಿಗೆ ಹೋಗ್ತೈತೆ?"

ನೀರಿನ ಡಬ್ಬಿ ಎಳೆದು ತೋರಿಸಿದೆ. ಬೆರಳು ಅದ್ದಿ ನೋಡಿದ. "ಪರ್ವಾಗಿಲ್ಲ, ತಿಳ್ದೋನೇ ಮಾಡವ್ನೆ" ಅಂದ.

ಆ ಏಲಕ್ಕಿ ಮನೆ ಈಗ ಹೋಂಸ್ಟೇ ರೂಮು. ಗಿಡಗಳಿಗೆ ರೋಗ ಬಂದು ಏಲಕ್ಕಿ ಹೋಯ್ತು, ಪೈಪ್ ಗುಜರಿಗೆ ಹೋಯ್ತು, ಒಲೆ ಬಾಯಿ ಮುಚ್ಚಿ ಅದರ ಮೇಲೆ ಎಸಿ ಡಬ್ಬ ಕೂರಿಸಿದಾರೆ. ಹೋದ ವರ್ಷ ಆ ದಾರೀಲಿ ಹೋದಾಗ ನಿಲ್ಲಿಸ್ಲಾ ಅಂದೆ. ಅಪ್ಪ ಬೇಡ ಅಂದ. ಕೈ ಇಟ್ಟು ಬಿಸಿ ಹೇಳೋರು ಈ ಕಡೆ ಯಾರೂ ಉಳಿದಿಲ್ಲ. ಬೇಕಾಗೂ ಇಲ್ಲ ಬಿಡಿ, ಮೆಷಿನ್ನೇ ಹೇಳುತ್ತೆ.

ಮೆಷಿನ್ ಪೀಂ ಅಂತು. ರಂಜಿತಾ ಒಂದು ಲಂಗೋಟಿ ತೆಗೆದು ಮುಖಕ್ಕೆ ಒತ್ಕೊಂಡು, "ಅಕ್ಕ, ಯಾವ ವಾಸ್ನೆನೂ ಇಲ್ಲ! ಎಷ್ಟು ಕ್ಲೀನು!" ಅಂದ್ಲು. ಅಪ್ಪನ ಕೈಗೂ ಕೊಟ್ಲು. ಅಪ್ಪ ಮೂಸಿದ. ಬಹಳ ಹೊತ್ತು ಮೂಸಿದ.

"ಹೌದು. ಏನೂ ಇಲ್ಲ" ಅಂತ ವಾಪಸ್ ಕೊಟ್ಟ.

ನಾನು ಮಡಚ್ತಾ ಕೂತೆ. ಎದ್ದು ಹೋಗ್ತಿದ್ದೋನು ಬಾಗಿಲ ಹತ್ರ ನಿಂತು, ತಿರುಗದೇನೇ ಕೇಳಿದ.

"ಎಲ್ಲಾ ಬಂದ್ವಾ ಸುಮಿ?"

ಅವತ್ತು ಅಜ್ಜಿ ಕೇಳಿದ್ದ ಅದೇ ಮಾತು. ಎಣಿಸಿದೆ. ಇನ್ನೊಂದು ಸಲ ಎಣಿಸಿದೆ.

"ಹ್ಞೂಂ ಅಪ್ಪ" ಅಂದೆ. "ಹನ್ನೆರಡೂ."