ಮನವಿಯೊಳಗೆ ಬಾರದ ಒಂದು ಗಂಟೆ

ಆನೆ ಹಾವಳಿ ವಿರುದ್ಧದ ನಮ್ಮ ಹೋರಾಟಕ್ಕೆ ಜನ ತಾವಾಗಿಯೇ ಬಂದರು ಎಂದು ಈಗಲೂ ಹೇಳುತ್ತಾರೆ. ಅವತ್ತು ಸಕಲೇಶಪುರದ ಬೀದಿ ತುಂಬಿದ್ದು ನಿಜ. ‘ತಾವಾಗಿಯೇ’ ಎನ್ನುವುದಕ್ಕೆ ಮಾತ್ರ ನನ್ನ ತಕರಾರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನೆಂದು ಹೋರಾಟ ಸಮಿತಿ ಬರವಣಿಗೆಯನ್ನೆಲ್ಲ ನನಗೊಪ್ಪಿಸಿತ್ತು. ಸಮಿತಿ ನಡೆಯುತ್ತಿದ್ದದ್ದು ಕಾಫಿ ಬೆಳೆಗಾರರು ಎಕರೆ ಲೆಕ್ಕದಲ್ಲಿ ಕೊಟ್ಟ ಚಂದಾದಿಂದ. ಎಕರೆ ಹೆಚ್ಚಿದ್ದವರ ಮಾತಿಗೆ ತೂಕವೂ ಹೆಚ್ಚು. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಡ್ರೋನಿನಲ್ಲಿ ತೆಗೆದ ಆನೆ ಹಿಂಡಿನ ವಿಡಿಯೋ ಊರೂರಿನ ವಾಟ್ಸ್ಯಾಪ್ ಗುಂಪುಗಳಿಗೆ ಹೋಗುತ್ತಿತ್ತು, ಅದರ ಕೆಳಗಿನ ಬರಹ ನನ್ನದು.

ನಮ್ಮೂರು ಹೊಂಗಡಹಳ್ಳದಲ್ಲಿ ಪಕ್ಕದ ಮನೆಯ ಅಕ್ಕ ಸಮಿತಿ ಅಧ್ಯಕ್ಷರ ಎಸ್ಟೇಟಿಗೇ ಕೂಲಿಗೆ ಹೋಗುತ್ತಿದ್ದರು. ಬೆಳಗಿನ ಜಾವ ಕೆಲಸಕ್ಕೆ ಹೋಗುವಾಗ ಅವರ ಜೊತೆಗಾತಿಯನ್ನು ಆನೆ ಅಟ್ಟಿಸಿಕೊಂಡು ಬಂದಿತ್ತು; ಓಡುವಾಗ ಬಿದ್ದು ಆಕೆಯ ಸೊಂಟ ಮುರಿದಿತ್ತು. ಅದಾದ ಮೇಲೆ ಅಕ್ಕ ನಮ್ಮ ಜಗಲಿಗೆ ಬಂದರು.

“ಏನೇನೋ ಬರೀತೀಯಂತಲ್ಲ ತಮ್ಮ, ನಮ್ದೂ ಒಂದ್ ಬರ್ಕೊ. ಏಳಕ್ಕೆ ಹಾಜರಿ ಅಂದ್ರೆ ಕತ್ಲಲ್ಲೇ ಮನೆ ಬಿಡ್ಬೇಕು. ಮಂಜಲ್ಲಿ ಆನೆ ಯಾವ್ದು, ಮರ ಯಾವ್ದು ಒಂದೂ ಕಾಣಲ್ಲ. ಎಂಟಕ್ಕೆ ಮಾಡ್ಲಿ. ಬೇಕಾರೆ ಊಟದ ಹೊತ್ತು ಕಡ್ಮೆ ಮಾಡ್ಕೊಳ್ಲಿ.”

ಸಮಿತಿಯ ಮುಂದಿನ ಸಭೆಯಲ್ಲಿ ಅದನ್ನು ಓದಿದೆ. ಅಧ್ಯಕ್ಷರು ನಕ್ಕರು. “ಇದು ಸರ್ಕಾರಕ್ಕೆ ಕೊಡೋ ಮನವಿ ಕಣೋ ಮಾರಾಯ. ತೋಟದ ಟೈಮಿಂಗೂ ಸರ್ಕಾರದ ಪಾಲಿಸಿನಾ? ಬೇಡಿಕೆ ಜಾಸ್ತಿ ಆದ್ರೆ ಟಿವಿಯೋರು ಒಂದನ್ನೂ ತೋರ್ಸಲ್ಲ.”

“ಸರ್ಕಾರಕ್ಕೆ ಬೇಡ ಅಣ್ಣ, ನಾವೇ ಇಲ್ಲಿ ನಿರ್ಣಯ ಮಾಡ್ಬಹುದಲ್ಲ? ತೋಟದೋರೆಲ್ಲ ಇಲ್ಲೇ ಇದೀರಿ.”

“ಟೀ ತರ್ಸ್ರೋ,” ಎಂದರು ಹಿಂದಿನಿಂದ ಯಾರೋ, “ಇವ್ನ ಗಂಟ್ಲು ಒಣಗೈತೆ.”

ಎದುರು ವಾದ ಬಂದಿದ್ದರೆ ಏನಾದರೂ ಹೇಳಬಹುದಿತ್ತು. ಟೀ ಬಂತು.

ಪ್ರತಿಭಟನೆಯ ದಿನ ಎಸ್ಟೇಟುಗಳ ಪಿಕಪ್‌ಗಳಲ್ಲೇ ಕೂಲಿಯವರು ಬಂದಿಳಿದರು. ಅವತ್ತಿನ ಕೂಲಿ ಹೋಗಬಾರದೆಂದು ತೋಟದ ಲೆಕ್ಕ ಬರೆಯುವ ರೈಟರುಗಳು ಶಾಮಿಯಾನದ ಕೆಳಗೇ ಹೆಸರು ಕೂಗಿ ಹಾಜರಿ ಹಾಕಿಕೊಂಡರು. ಪತ್ರಿಕೆಯವರಿಗೆ ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದ್ದೆವು, ಹಾಜರಿಯೂ ಹತ್ತಕ್ಕೆ.

“ಧಿಕ್ಕಾರ ಜೋರಾಗಿ ಕೂಗಿದ್ರೆ ಓಟಿ ದುಡ್ಡು ಕೊಡ್ತೀರಾ ರೈಟ್ರೇ?” ಎಂದು ಒಬ್ಬ ಕೇಳಿದ. ರೈಟರೂ ನಕ್ಕುಬಿಟ್ಟರು.

ಫೋಟೋಗೆ ಚೆನ್ನಾಗಿರುತ್ತದೆಂದು ಹೆಂಗಸರನ್ನು ಮುಂದೆ ಕೂರಿಸಿದ್ದರು. ‘ಆನೆಗಳನ್ನು ಸ್ಥಳಾಂತರಿಸಿ’ ಎಂಬ ಫಲಕ ಹಿಡಿದ ಅಕ್ಕ, ಮನವಿ ಓದಿ ಮುಗಿಯುತ್ತಿದ್ದಂತೆ ನನ್ನ ಕಡೆ ತಿರುಗಿದರು. “ನಮ್ದು ಯಾವಾಗ್ಲೋ ಓದೋದು?”

ನಾನು ಮೈಕಿನ ವೈರು ಸರಿಮಾಡುವವನಂತೆ ಬಗ್ಗಿದೆ.

ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಬಂದು ಮನವಿ ತೆಗೆದುಕೊಂಡು, ಮೇಲಿನವರಿಗೆ ಕಳಿಸುತ್ತೇನೆ ಎಂದರು. ಚಪ್ಪಾಳೆ ಬಿತ್ತು. ಪಿಕಪ್ ಹತ್ತುವಾಗ ಅಕ್ಕ ತಮ್ಮ ರೈಟರನ್ನು ಕೇಳಿದ್ದು ನನಗೆ ಕೇಳಿಸಿತು: “ನಾಳಿಕೂ ಏಳಕ್ಕೇನಾ?” ಆತ ಅಧ್ಯಕ್ಷರತ್ತ ನೋಡಿ, ಹೂಂ ಎಂದು ತಲೆಯಾಡಿಸಿದ.

ಅಧ್ಯಕ್ಷರು ಕಾರಿನ ಪಕ್ಕ ನಿಂತು ಫೋಟೋಗಳನ್ನು ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಿದ್ದರು. ಹತ್ತಿರ ಹೋದೆ. ಅವರು ಮೊಬೈಲಿನಿಂದ ತಲೆಯೆತ್ತಲಿಲ್ಲ.

“ಅಣ್ಣ, ಇವತ್ತು ಹಾಜರಿ ಹತ್ತಕ್ಕೆ ತಗೊಂಡ್ರಲ್ಲ. ನಾಳೆ ಎಂಟಕ್ಕೆ ತಗೊಳ್ಳೋಕೆ ಯಾವ ಮಂತ್ರಿ ಸಹಿ ಬೇಕು?”